ಸೊಂಟದ ಮೇಲಿನ ಕೆಂಪು ಗೆರೆ

ನನ್ನ ತಮ್ಮ ತೀರಿಕೊಂಡನೆಂದು ಆಸ್ಪತ್ರೆಯಿಂದ ಸುದ್ದಿ ಬಂದ ಬೆಳಿಗ್ಗೆಯೇ, ಅವನ ಹೆಂಡತಿಯನ್ನು ವಿಚಾರಿಸಲು ಪೊಲೀಸರೂ ಬಂದರು. ಕರೆಸಿದವಳು ನನ್ನ ತಂಗಿ, ಅವನಿಗೆ ಅಕ್ಕ. ವಾಂತಿ, ಹೊಟ್ಟೆನೋವು, ಜ್ವರದಲ್ಲಿ ನರಳಿ ಹೋದವನಿಗೆ ಇವಳೇ ಊಟದಲ್ಲಿ ಏನೋ ಬೆರೆಸಿದ್ದಾಳೆ ಎಂಬುದು ಅವಳ ದೂರು. ಗಂಡ ಹೆಂಡತಿಯ ಜಗಳ ಬೀದಿಗೆಲ್ಲ ಕೇಳಿಸಿತ್ತು, ನಂಬುವವರಿಗೆ ಬರವಿರಲಿಲ್ಲ.

ನಾನು ಮೆಟ್ಟಿಲಿಳಿದು ಕೆಳಗಿನ ಮನೆಯ ಡಾಕ್ಟರಮ್ಮನ ಬಾಗಿಲು ತಟ್ಟಿದೆ. ವೃತ್ತಿ ಬಿಟ್ಟ ಮೇಲೆ ಅವರು ಬಿಡಿಸಿದ ಒಗಟುಗಳಲ್ಲೆಲ್ಲ ನಾನು ಅವರ ಜೊತೆಗಿದ್ದವನು.

"ಸಂಜೆಗೆ ತಮ್ಮನ ಹೆಂಡತೀನ ಪೊಲೀಸರು ಕರ್ಕೊಂಡು ಹೋಗ್ತಾರಂತೆ. ತಮ್ಮ ಹೋದ, ಅವಳನ್ನಾದ್ರೂ ಉಳಿಸಿ ಅಮ್ಮ," ಎಂದೆ.

ಅವರು ಅವಳನ್ನು ಒಳಗೆ ಕೂರಿಸಿಕೊಂಡು ಕೇಳಿದರು. ವರ್ಷಗಳಿಂದ ಅವನಿಗೆ ಮೈಯೆಲ್ಲ ದದ್ದು, ತುರಿಕೆ. ಸೊಂಟದ ಬಳಿ ಬೆಳಿಗ್ಗೆ ಕಂಡ ಕೆಂಪು ಗೆರೆ ಮಧ್ಯಾಹ್ನಕ್ಕೆ ಗೇಣುದ್ದ ಮುಂದೆ ಹೋಗಿರುತ್ತಿತ್ತಂತೆ. ಈಚೆಗೆ ತುರಿಕೆ ನಿಂತು ಮುಖ ತುಂಬಿಕೊಂಡಿತು. ಆದರೆ ಊಟ ಸೇರದಾಯಿತು. ದೊಡ್ಡಾಸ್ಪತ್ರೆಗೆ ಹೋಗೋಣವೆಂದು ಇವಳು ಹಟ ಹಿಡಿದದ್ದೇ ಆ ಜಗಳ.

ಆಮೇಲೆ ತಮ್ಮ ದುಡಿಯುತ್ತಿದ್ದ ಸಸಿತೋಟಕ್ಕೆ ಹೋದೆವು. ಅಲ್ಲಿ ಸಸಿಯ ಮಣ್ಣನ್ನು ಬರಿಗಾಲಲ್ಲೇ ತುಳಿದು ಹದ ಮಾಡುತ್ತಾರೆ. ಕಲ್ಲಿನ ಚೂರು ಕಾಲಿಗೆ ತಿಳಿದಂತೆ ಬೂಟಿಗೆ ತಿಳಿಯದು. ಪಕ್ಕದ ಪಾಯಿಖಾನೆಯ ನೀರು ಅದೇ ಮಣ್ಣಿಗೆ ಹರಿಯುತ್ತಿತ್ತು. ಡಾಕ್ಟರಮ್ಮ ಮೂಗು ಮುಚ್ಚಿಕೊಳ್ಳದೆ ಅದನ್ನೇ ನೋಡುತ್ತ ನಿಂತರು. ನಂತರ ಆಸ್ಪತ್ರೆಗೆ ಫೋನ್ ಮಾಡಿ, ಅಲ್ಲಿ ತೆಗೆದಿಟ್ಟಿದ್ದ ತಮ್ಮನ ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವಂತೆ ಕೇಳಿಕೊಂಡರು.

ಸಂಜೆ ನಮ್ಮ ನಡುಮನೆಯಲ್ಲಿ ಇನ್ಸ್‌ಪೆಕ್ಟರ್ ಸಮೇತ ಎಲ್ಲರೂ ಕೂತೆವು. ತಂಗಿ ಏದುಸಿರು ಬಿಡುತ್ತ, ಸೆರಗಿನ ಗಂಟಿನಿಂದ ಡಬ್ಬಿ ತೆಗೆದು ತನ್ನ ಉಬ್ಬಸದ ಮಾತ್ರೆ ನುಂಗಿದಳು. ಡಾಕ್ಟರಮ್ಮ ಅವಳ ದುಂಡು ಮುಖವನ್ನೇ ನೋಡಿದರು.

"ನಿನ್ನ ತಮ್ಮನಿಗೂ ಇದನ್ನ ಕೊಡ್ತಿದ್ದೆಯಾ ತಾಯಿ?"

"ಕೊಡ್ತಿದ್ದೆ. ದಿನಾ ತೋಟಕ್ಕೇ ಹೋಗಿ ಕೊಟ್ಟು ಬರ್ತಿದ್ದೆ. ತುರಿಕೆ ನಿಂತಿದ್ದೇ ಅದರಿಂದ. ಇವಳ ಕೈಲಿ ಏನಾಯ್ತು?"

ಇನ್ಸ್‌ಪೆಕ್ಟರ್ ಬರೆಯುವುದನ್ನು ನಿಲ್ಲಿಸಿದರು. ಡಾಕ್ಟರಮ್ಮ ನಿಧಾನವಾಗಿ ವಿವರಿಸಿದರು. ಅಂಗಾಲಿನಿಂದ ಹೊಕ್ಕ ಹುಳ ಕರುಳಿನಲ್ಲಿ ನೆಲೆಸಿತ್ತು. ದದ್ದು ಅದರ ಗುರುತು, ಓಡುವ ಗೆರೆ ಅದರ ಮರಿಯ ದಾರಿ. ದೇಹ ಅದನ್ನು ಹೇಗೋ ಹದ್ದುಬಸ್ತಿನಲ್ಲಿಟ್ಟಿತ್ತು. ಈ ಸ್ಟೀರಾಯ್ಡ್ ಮಾತ್ರೆ ತುರಿಕೆಯ ಜೊತೆಗೆ ಆ ಕಾವಲನ್ನೂ ಮಲಗಿಸಿತು. ಊಟ ಬಿಟ್ಟವನ ಮುಖ ಅಕ್ಕನ ಮುಖದಂತೆ ದುಂಡಗಾದದ್ದೂ ಅದರಿಂದಲೇ. ಹುಳಗಳು ಮಿತಿಮೀರಿ ಹೆಚ್ಚಿ, ಕರುಳಿನ ನಂಜನ್ನು ರಕ್ತಕ್ಕೆ ಹೊತ್ತೊಯ್ದವು.

"ಕಫದಲ್ಲೂ ಮರಿಹುಳ ಸಿಕ್ಕಿವೆ. ವಿಷ ಯಾರೂ ಹಾಕಿಲ್ಲ," ಎಂದರು.

ಇನ್ಸ್‌ಪೆಕ್ಟರ್ ಟೋಪಿ ತೆಗೆದುಕೊಂಡು ಎದ್ದರು. ತಂಗಿ ಡಬ್ಬಿಯನ್ನು ಗೋಡೆಗೆ ಎಸೆದು ನೆಲಕ್ಕೆ ಕುಸಿದಳು. ಇನ್ನು ಇದನ್ನು ಮುಟ್ಟುವುದಿಲ್ಲ ಎಂದಳು. ನಿನ್ನ ಮೈ ಇದಕ್ಕೆ ಒಗ್ಗಿಹೋಗಿದೆ, ಒಮ್ಮೆಲೇ ಬಿಟ್ಟರೆ ನಿನ್ನ ಜೀವಕ್ಕೇ ಅಪಾಯ ಎಂದು ಡಾಕ್ಟರಮ್ಮ ಎಚ್ಚರಿಸಿದರು.

ತಮ್ಮನ ಹೆಂಡತಿ ಎದ್ದು, ಚೆಲ್ಲಿದ ಮಾತ್ರೆಗಳನ್ನು ಒಂದೊಂದಾಗಿ ಆಯ್ದು ಡಬ್ಬಿಗೆ ತುಂಬಿ ಅವಳ ಕೈಯಲ್ಲಿಟ್ಟಳು.

"ತಗೊಳ್ಳಿ ಅತ್ತಿಗೆ. ಈ ಮನೇಲಿ ಇನ್ನೊಂದು ಸಾವು ಬೇಡ."

ದೇವರೇ, ನನ್ನ ತಮ್ಮ ತುರಿಕೆಯಿಂದ ಎಷ್ಟೋ ರಾತ್ರಿ ಕಣ್ಣು ಮುಚ್ಚಲಿಲ್ಲ. ನಿನ್ನ ಮಡಿಲಲ್ಲಾದರೂ ಅವನಿಗೆ ನೆಮ್ಮದಿಯ ನಿದ್ದೆ ಕೊಡು.