ಕನ್ನಿಕಾಳ ಕೈಯ ಬಿಳಿ ಪಟ್ಟಿ

“ಅಯ್ಯೋ ಅಜ್ಜೀ, ತಲೆ ಗಿರ್ರ್ ಅಂತಿದೆ!”

ಕನ್ನಿಕಾ ಆರೋಗ್ಯ ಕೇಂದ್ರದ ಮಂಚದ ಮೇಲೆ ಕಣ್ಣು ಮುಚ್ಚಿ ನರಳಿದಳು. ತಲೆ ಏನೂ ತಿರುಗುತ್ತಿರಲಿಲ್ಲ. ಅವತ್ತು ಕ್ಲಾಸಿನಲ್ಲಿ ಗಣಿತದ ಟೆಸ್ಟ್ ಇತ್ತು, ಅಷ್ಟೇ.

ಅಜ್ಜಿ ನರ್ಸ್ ವನ್ನಾರಿಯ ಕೈ ಹಿಡಿದುಕೊಂಡಳು. “ಒಂದು ಡ್ರಿಪ್ ಹಾಕ್ಬಿಡಮ್ಮ. ಕೂಸು ಬಾಡಿ ಹೋಗಿದೆ.”

“ಗಂಜಿ ಕುಡಿಸಿ ಅಜ್ಜಿ, ಸಾಕು. ಡ್ರಿಪ್ ಇರೋದೇ ಒಂದು ಚೀಲ. ಪೇಟೆಯಿಂದ ಬೇರೆ ಬರೋದು ನಾಳೆ.”

“ಗಂಜಿಯಿಂದ ಎಲ್ಲಿ ಶಕ್ತಿ ಬರುತ್ತೆ! ನೀನು ಹಾಕೋವರೆಗೂ ನಾನಿಲ್ಲಿಂದ ಏಳಲ್ಲ ನೋಡು.” ಅಜ್ಜಿ ನೆಲದ ಮೇಲೆ ಕೂತೇಬಿಟ್ಟಳು.

ಮೆಕಾಂಗ್ ನದಿ ದಂಡೆಯ ಆ ಊರೇ ಹಾಗೆ. ನಾಟಿ ಮಾಡಿ ದಣಿದರೂ ಡ್ರಿಪ್, ಮದುವೆಯಲ್ಲಿ ಕುಣಿದು ದಣಿದರೂ ಡ್ರಿಪ್. ಸೂಜಿ ಚುಚ್ಚಿದ ಕೈ ಮೇಲೆ ಬಿಳಿ ಪಟ್ಟಿ ಅಂಟಿಸಿಕೊಂಡು ಬಂದವರಿಗೆ ಶಾಲೆಯಲ್ಲಿ ಏನು ಮರ್ಯಾದೆ! ಅವಳ ಕ್ಲಾಸಿನ ಸೊರಿಯಾ ಅಂತೂ ಹೋದ ವಾರವೆಲ್ಲ ಆ ಕೈಯನ್ನು ರಾಜಕುಮಾರಿಯಂತೆ ಎತ್ತಿಕೊಂಡೇ ಓಡಾಡಿದ್ದಳು.

ವನ್ನಾರಿ ನಿಟ್ಟುಸಿರು ಬಿಟ್ಟು ಸೂಜಿ ಚುಚ್ಚಿದಳು. ಚೀಲದ ನೀರು ತೊಟ್ಟು ತೊಟ್ಟಾಗಿ ಇಳಿಯಿತು. ಕನ್ನಿಕಾ ಮನಸ್ಸಿನಲ್ಲೇ ನಕ್ಕಳು.

ಚೀಲ ಖಾಲಿಯಾಗುವ ಹೊತ್ತಿಗೆ ಹೊರಗೆ ಗಲಾಟೆ. ಸಾರೂನ್ ಮಾಮನನ್ನು ಜೋಲಿಯಲ್ಲಿ ಹೊತ್ತು ತಂದಿದ್ದರು. ತಾಳೆಮರದಿಂದ ಜಾರಿ ಬಿದ್ದಾಗ ಸೊಂಟದ ಕತ್ತಿ ತೊಡೆಗೆ ಹೊಕ್ಕಿತ್ತು. ಶಾಲೆಗೆ ಹೋಗುವ ಮಕ್ಕಳನ್ನು ನಿಲ್ಲಿಸಿ ಸಿಹಿ ನೀರಾ ಕುಡಿಸುತ್ತಿದ್ದ ಮಾಮ. ಈಗ ಜೋಲಿಯ ಅಡಿಯಿಂದ ರಕ್ತ ಸೋರುತ್ತಿತ್ತು.

ವನ್ನಾರಿ ಯಾರದೋ ಹೆಗಲ ಮೇಲಿದ್ದ ಚೌಕುಳಿ ವಸ್ತ್ರ ಎಳೆದು ತೊಡೆಗೆ ಬಿಗಿದಳು. ರಕ್ತವೇನೋ ನಿಂತಿತು. ಆದರೆ ಮಾಮನ ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಮೈ ತಣ್ಣಗಿತ್ತು.

“ಡ್ರಿಪ್ ಹಾಕಮ್ಮ, ಬೇಗ!” ಅಂದರು ಹೊತ್ತು ತಂದವರು.

ವನ್ನಾರಿ ಕಪಾಟಿನ ಕಡೆ ಹೋಗಲೇ ಇಲ್ಲ. ಕನ್ನಿಕಾಳ ತಲೆಯ ಮೇಲೆ ತೂಗುತ್ತಿದ್ದ ಖಾಲಿ ಚೀಲವನ್ನು ಒಮ್ಮೆ ನೋಡಿದಳು.

“ಪೇಟೆ ಆಸ್ಪತ್ರೆಗೆ ನಡೀರಿ. ರಕ್ತ ಕೊಡೋದು ಅಲ್ಲೇ. ಅಲ್ಲಿವರೆಗೆ ಜೀವ ಹಿಡಿದಿಡೋಕೆ ಒಂದು ಚೀಲ ಇದ್ದಿದ್ರೆ...”

ಕನ್ನಿಕಾ ಕೈ ಮುಂದೆ ಚಾಚಿದಳು. “ಅಕ್ಕಾ, ನನ್ನಿಂದ ವಾಪಸ್ ತಗೊಳ್ಳಿ.”

“ಅದು ಆಗಲ್ಲ, ಪುಟ್ಟಿ.”

ಮಾಮ ಬದುಕಿದ. ಆದರೆ ಪೇಟೆ ಮುಟ್ಟುವಷ್ಟರಲ್ಲಿ ಮೈಯಲ್ಲಿ ರಕ್ತ ಸಾಲದೆ ಕಿಡ್ನಿ ಸೊರಗಿದ್ದವಂತೆ. ಮಳೆಗಾಲವೆಲ್ಲ ಆಸ್ಪತ್ರೆಯಲ್ಲೇ ಕಳೆಯಿತು. ನೀರಾ ಇಳಿಸುವ ಕಾಲ ಮತ್ತೆ ಬಂದಾಗ ಅವನು ಮರದ ಬುಡದಲ್ಲಿ ಕೂತು ರಸ ಹಿಡಿಯುವ ಬಿದಿರಿನ ಕೊಳವೆಗಳನ್ನು ಒರೆಸುತ್ತಿದ್ದ. ಮರ ಹತ್ತುವ ಶಕ್ತಿ ಇರಲಿಲ್ಲ.

“ಬಾರೇ ಇಲ್ಲಿ, ಗುಬ್ಬಿಮರಿ! ಅವತ್ತು ನಿಂಗೂ ಹುಷಾರಿಲ್ದೆ ಡ್ರಿಪ್ ಹಾಕಿದ್ರಂತೆ? ಈಗ ಸುಸ್ತು ಹೋಯ್ತಾ?”

ಕನ್ನಿಕಾ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟಳು. ಬಿಳಿ ಪಟ್ಟಿಯನ್ನು ಅವಳು ಅವತ್ತೇ ಕಿತ್ತು ಹಾಕಿದ್ದಳು.

“ನಂಗೆ ಸುಸ್ತೇ ಇರ್ಲಿಲ್ಲ, ಮಾಮ.”

ಮಾಮನ ಕೈ ನಿಂತಿತು. ಅವನು ಕತ್ತೆತ್ತಿ ಬಹಳ ಹೊತ್ತು ಮರದ ತುದಿಯನ್ನೇ ನೋಡಿದ. ಆಮೇಲೆ ಒಂದು ಖಾಲಿ ಕೊಳವೆಯನ್ನು ಅವಳ ಕಡೆ ಸರಿಸಿದ.

ಕನ್ನಿಕಾ ಪಕ್ಕದಲ್ಲಿ ಕೂತು ಒರೆಸತೊಡಗಿದಳು.