ಅರಿಶಿನದ ಹೊಲದಲ್ಲಿ ಹೇಳದೆ ಉಳಿದ ಮಾತು

“ಇನ್ನೊಂದು ಹಿಡಿ ಮಣ್ಣು ಮುಟ್ಟಿದ್ರೆ ಸುಮ್ಮನಿರಲ್ಲ. ಎದ್ದು ಹೋಗಿ.”

ಮಿಡಾಲಿನ್ ಕೂಗಿದಳು. ಅವಳ ಕಾಲಬುಡದಲ್ಲಿ ಕೊಳೆತ ಅರಿಶಿನದ ಗೆಡ್ಡೆಗಳು. ಸುತ್ತ ನೆರೆಹೊರೆಯವರು. ಎದುರಿಗೆ ಮಂಡಿಯೂರಿದ್ದ ಹೇವೊತ್ ಮಣ್ಣನ್ನೇ ನೋಡುತ್ತಿದ್ದ.

ಜೊವಾಯ್ ಪಟ್ಟಣದ ಕೃಷಿ ಕಚೇರಿಯಿಂದ ಲಕಾಡಾಂಗ್ ಗುಡ್ಡಕ್ಕೆ ಬರುತ್ತಿದ್ದವನು ಅವನು. ಏಪ್ರಿಲ್‌ನಲ್ಲಿ ಅವಳ ಅಂಗಳದಲ್ಲಿ ಕೂತು, ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಬೆಲ್ಲದ ನೀರಿನಲ್ಲಿ ಕಲಸಿ ಅರ್ಧ ಹೊಲದ ಬಿತ್ತನೆ ಗೆಡ್ಡೆಗಳಿಗೆ ತಾನೇ ಸವರಿದ್ದ. ಬೇರು ಅವಕ್ಕೆ ಉಣ್ಣಲು ಕೊಡುತ್ತದೆ, ಅವು ಕೊಳೆರೋಗವನ್ನು ಬೇರಿನ ಹತ್ತಿರ ಬಿಡುವುದಿಲ್ಲ ಎಂದಿದ್ದ. ಅವಳು ನಕ್ಕಿದ್ದಳು. ಆಮೇಲೆ ವಾರವಾರವೂ ಅವನ ದಾರಿ ಕಾಯತೊಡಗಿದ್ದಳು... ತಮ್ಮ ಕಡೆಯ ರೂಢಿಯಂತೆ ಗಂಡನಾಗಿ ಈ ಮನೆಗೆ ಬಂದು ಸೇರುವವನು ಇವನೇ ಆದರೆ?

ಈಗ ಅವನು ಸವರಿದ ಅರ್ಧವೇ ಕೊಳೆತಿತ್ತು. ನಂಬಿದ್ದೇ ತಪ್ಪಾಯಿತೇ?

ಹೇವೊತ್ ಏನೋ ಹೇಳಹೊರಟ. ಅಂಚಿನಲ್ಲಿ ನಿಂತಿದ್ದ ಅವಳ ತಾಯಿಯತ್ತ ನೋಡಿ ತಡೆದುಕೊಂಡ. “ಕ್ಷಮಿಸಿ” ಎಂದಷ್ಟೇ ಹೇಳಿ ಗುಡ್ಡ ಇಳಿದು ಹೋದ. ಮತ್ತೆ ಬರಲಿಲ್ಲ.

ಚಳಿಗಾಲದಲ್ಲಿ ಗೆಡ್ಡೆ ಕೀಳುವಾಗ ಮಿಡಾಲಿನ್ ದಂಗಾದಳು. ಅದೇ ಅರ್ಧದಲ್ಲಿ ಮೇಲಿನ ಎರಡು ಸಾಲು ಒಂದಿಷ್ಟೂ ಕೊಳೆತಿರಲಿಲ್ಲ. ಅಂಥ ದಪ್ಪ ಗೆಡ್ಡೆಗಳನ್ನು ಅವಳು ಕಂಡೇ ಇರಲಿಲ್ಲ.

ತಾಯಿ ಗುದ್ದಲಿ ಕೆಳಗಿಟ್ಟಳು.

“ಅಲ್ಲಿಗೆ ಬರೋ ಹೊತ್ತಿಗೆ ಔಷಧಿ ಮುಗಿದಿತ್ತು, ಮಗಾ.”

ಅವನು ಸವರಿದ್ದು ಬೆಳೆಯನ್ನೇ ತಿಂದೀತೆಂದು ಹೆದರಿ, ಅಂಗಡಿಯ ನೀಲಿ ಔಷಧಿಯನ್ನು ತಾಯಿ ಆ ಅರ್ಧದ ಬುಡಬುಡಕ್ಕೂ ಸುರಿದಿದ್ದಳು. ಬೇರನ್ನು ಕಾಯುವ ಜೀವಗಳು ಸತ್ತು, ರೋಗ ಉಳಿದಿತ್ತು. ಮಣ್ಣಿನಲ್ಲಿ ಆ ನೀಲಿಯನ್ನು ಹೇವೊತ್ ಅಂದೇ ಕಂಡಿದ್ದನಂತೆ.

ಮಿಡಾಲಿನ್ ಕೈ ಕೂಡ ತೊಳೆಯದೆ ಜೊವಾಯ್‌ಗೆ ಹೋಗುವ ಸುಮೊ ಹತ್ತಿದಳು.

ಅವನು ಕಚೇರಿಯ ಮೆಟ್ಟಿಲ ಮೇಲೆ ಸಿಕ್ಕ.

“ಗೊತ್ತಿದ್ದೂ ಯಾಕೆ ಹೇಳಲಿಲ್ಲ?”

“ಊರವರೆಲ್ಲ ನಿಂತಿದ್ರು. ನಿಮ್ಮಮ್ಮನ ಮುಖ ನೋಡಿದೆ... ನಾನು ಸುಮೊ ಹತ್ತಿ ಹೋಗೋನು. ಅವರು ಅಲ್ಲೇ ಬದುಕಬೇಕಲ್ವಾ?”

“ನಾನು ಅಷ್ಟೆಲ್ಲ ಅಂದುಬಿಟ್ಟೆ...”

“ನೋವಾಯ್ತು. ಸುಳ್ಳು ಹೇಳಲ್ಲ.”

ಅವಳು ಕಣ್ಣೊರೆಸಿಕೊಂಡಳು. ಕೆನ್ನೆಗೆಲ್ಲ ಅರಿಶಿನವಾಯಿತು.

“ಅಮ್ಮ ನಿಮ್ಮನ್ನ ಮನೆಗೆ ಕರೀತಿದ್ದಾಳೆ.”

“ಹೊಲ ನೋಡೋಕಾ?”

“ಅಲ್ಲ... ಇರೋಕೆ.”

ಹೇವೊತ್ ಒಂದು ಮೆಟ್ಟಿಲು ಇಳಿದು ಬಂದ. “ನಿಜವಾಗ್ಲೂ ಅಮ್ಮನೇ ಕರೆದ್ರಾ?”

ಅವಳು ತಲೆ ತಗ್ಗಿಸಿದಳು.

“ಇಲ್ಲ. ಅವಳಿಗಿನ್ನೂ ಹೇಳಿಲ್ಲ. ನಾನೇ ಕರೀತಿರೋದು.”

“ಹಾಗಾದ್ರೆ ಬರ್ತೀನಿ” ಎಂದ.