ಮುನವಳ್ಳಿ ಬಸ್ಸು ಹತ್ತಿದ ಪ್ರಶ್ನೆಪತ್ರಿಕೆ

ಲಗಮಪ್ಪನ ಕೈ ಮೇನ್ ಸ್ವಿಚ್ ಮೇಲಿತ್ತು.

"ಕೈ ತಗಿ, ಲಗಮಪ್ಪ!"

"ಸಾಹೇಬ್ರ ಆರ್ಡರ್ ಐತ್ರಿ ಮೇಡಮ್. ಲ್ಯಾಬ್ ಬಂದ್!"

"ಒಳಗ ಎಲ್ಲಾ ಮಷೀನ್ ಚಾಲೂ ಅದಾವ. ಈಗ ಕರೆಂಟ್ ತಗದ್ರ ಹುಡುಗರ ಪ್ರಾಜೆಕ್ಟ್ ಮಣ್ಣಪಾಲು. ಒತ್ತಿ ನೋಡು... ಬಟ್ಟು ಮುರೀತೇನಿ!"

ಕೈ ಕೆಳಗಿಳಿಯಿತು. ಆದರೆ ಆಸಾಮಿ ಹೋಗಲಿಲ್ಲ. ಸ್ವಿಚ್ಚಿನ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತ.

"ಸಂಜೀತನಾ ಕಾಯತೇನ್ರಿ. ಆಮ್ಯಾಲ ನನ್ನ ಕೈಯಾಗ ಏನೂ ಇಲ್ಲ."

ನಾನು ಗುಲಫಶಾ. 2002ರಲ್ಲಿ ಸವದತ್ತಿಯ ಆ ಪಿ.ಜಿ. ಸೆಂಟರಿನ ಕಂಪ್ಯೂಟರ್ ಲ್ಯಾಬ್ ನನ್ನದು. ನನ್ನದು ಅಂದೆನಲ್ಲ... ತಪ್ಪು. ಲ್ಯಾಬ್ ಹುಡುಗರದು! ಒಬ್ಬೊಬ್ಬರಿಗೆ ಒಂದೊಂದು ಮಷೀನ್. ಅದನ್ನು ಪೂರ್ತಿ ಆಳುವ ರೂಟ್ ಪಾಸ್‌ವರ್ಡ್ ಅವರ ಬಳಿಯೇ, ಮನೆಯ ಬೀಗದ ಕೈ ಸೊಸೆಯ ಸೊಂಟದಲ್ಲಿ ಇದ್ದ ಹಾಗೆ. ಕೆಡಿಸುವವರೂ ಅವರೇ, ರಿಪೇರಿ ಮಾಡುವವರೂ ಅವರೇ. ಹಟ ಹಿಡಿದು ಈ ಪದ್ಧತಿ ತಂದವಳು ನಾನು. ನನಗೆ ಅದರ ಹೆಮ್ಮೆಯಿತ್ತು. ಸುಳ್ಳು ಯಾಕೆ ಹೇಳಲಿ?

ಡೈರೆಕ್ಟರ್ ನಿಜಗುಣಪ್ಪನವರ ಪ್ರಕಾರ ಅದು ಮಂಗನ ಕೈಗೆ ಕೊಟ್ಟ ಮಾಣಿಕ್ಯ. ಕಿತ್ತುಕೊಳ್ಳಲು ಒಂದು ನೆಪ ಬೇಕಿತ್ತು ಅಷ್ಟೇ.

ಅವತ್ತು ಸಿಕ್ಕಿತು. ಮರುದಿನದ ಟೆಸ್ಟಿಗೆ ಅವರೇ ತೆಗೆದ ಪ್ರಶ್ನೆಪತ್ರಿಕೆ ಊಟದ ಹೊತ್ತಿಗೆ ಹುಡುಗರೆಲ್ಲರ ಕೈಯಲ್ಲಿತ್ತು! ಪ್ಯೂನ್ ಲಗಮಪ್ಪ ಅದನ್ನು ಕಂಡ. ಊಟಕ್ಕೆಂದು ಮುನವಳ್ಳಿಯ ಮನೆಗೆ ಹೋಗಿದ್ದ ಸಾಹೇಬರಿಗೆ ಫೋನ್ ಮಾಡಿದ. ಸಾಹೇಬರು ನನಗೆ ಮಾಡಿದರು.

"ನನ್ನ ಕಂಪ್ಯೂಟರ್ ಹ್ಯಾಕ್ ಆಗೇತಿ! ಯಾರಿಂದ ಆತು ಅನ್ನೂದು ಸಂಜೀಯೊಳಗ ಗೊತ್ತಾಗಬೇಕು. ಇಲ್ಲಾಂದ್ರ ಲ್ಯಾಬ್ ಬಂದ್, ಎಲ್ಲಾರ ರೂಟ್ ಪಾಸ್‌ವರ್ಡ್ ಕಸಗೋರಿ!"

"ಗೊತ್ತಾದ್ರ?"

"ಅವನೊಬ್ಬಂದ ಕಸಗೋರಿ."

ಲಗಮಪ್ಪನನ್ನು ಸ್ವಿಚ್ಚಿನ ಬಳಿ ಬಿಟ್ಟು ಲ್ಯಾಬಿಗೆ ನುಗ್ಗಿದೆ. ಬಾಗಿಲು ಹಾಕಿದೆ. ಮೀನಾ ಎಂಬ ಹುಡುಗಿಯ ಕುರ್ಚಿ ಹಿಡಿದು ನನ್ನತ್ತ ತಿರುಗಿಸಿದೆ.

"ಪೇಪರ್ ಎಲ್ಲಿಂದ ಬಂತು?"

"ಕದ್ದಿಲ್ರಿ ಮೇಡಮ್... ಕರೆಂಟ್ ಬಂದಕೂಡ್ಲೆ ಪ್ರಿಂಟರಿನಾಗಿಂದ ತಾನ ಬಂದ್ವು. ಒಂದರ ಮ್ಯಾಲೊಂದು! ನಿಲ್ಲಲೇ ಇಲ್ಲ. ಸರ್ ಪ್ರ್ಯಾಕ್ಟೀಸಿಗೆ ಕಳಿಸ್ಯಾರಂತ ಒಂದೊಂದು ತಗೊಂಡ್ವಿ."

"ಈಗೆಲ್ಲಿ ಅದಾವ?"

"ನಮ್ಮ ಕ್ಲಾಸಿನ ಸಚಿನ ಅದರಾಗ ನಾಳಿನ ತಾರೀಖು ನೋಡಿ ಗಾಬರಿ ಆದ. ಎಲ್ಲಾರ ಕೈಯಾನವು ಕಸಗೊಂಡು ಮುನವಳ್ಳಿ ಬಸ್ ಹತ್ಯಾನ್ರಿ."

ಮುನವಳ್ಳಿ! ಅಲ್ಲಿಯ ಪೇಟೆಯಲ್ಲಿ ಝೆರಾಕ್ಸ್ ಅಂಗಡಿಗಳಿವೆ. ಒಂದು ಪೇಪರ್ ನೂರಾಗಲು ಎಷ್ಟು ಹೊತ್ತು ಬೇಕು?

ನನ್ನ ಲೂನಾ ಮೊಪೆಡ್ ಹತ್ತಿದೆ. ನಗಬೇಡಿ... ಇದ್ದದ್ದು ಅದೊಂದೇ!

ಬಸ್ಸು ದೂರದಲ್ಲಿ ಕಂಡಿತು. ನಡುವೆ ಕಬ್ಬಿನ ಟ್ರ್ಯಾಕ್ಟರ್. ಹಾರ್ನ್ ಹೊಡೆದೆ. ದಾರಿ ಬಿಡಲಿಲ್ಲ. ಗಾಡಿಯನ್ನು ಮಣ್ಣಿಗಿಳಿಸಿ ಪಕ್ಕದಿಂದ ನುಗ್ಗಿಸಿದೆ. ದುಪಟ್ಟಾ ಕಬ್ಬಿಗೆ ಸಿಕ್ಕಿತು. ಹರಿದುಕೊಂಡೇ ಮುಂದೆ ಹೋದೆ!

ಮುನವಳ್ಳಿಯಲ್ಲಿ ಸಚಿನ ಬಸ್ಸಿಳಿದ. ನನ್ನನ್ನು ನೋಡಿದ. ಓಟ ಕಿತ್ತ!

"ನಿಂದರಲೇ ಸಚಿನ್ಯಾ!"

ಝೆರಾಕ್ಸ್ ಅಂಗಡಿ ಬಂತು. ಅವನು ಅದನ್ನು ದಾಟಿದ. ಇನ್ನೊಂದು ಬಂತು. ಅದನ್ನೂ ದಾಟಿದ. ಓಣಿಗೆ ಹೊರಳಿ ಒಂದು ಗೇಟಿನೊಳಗೆ ನುಗ್ಗಿದ. ಗೇಟಿನ ಮೇಲಿನ ಹೆಸರು ಓದಿ ನಾನೇ ದಂಗಾದೆ.

ಡೈರೆಕ್ಟರರ ಮನೆ!

ಒಳಗೆ ನಿಜಗುಣಪ್ಪನವರು ಬನಿಯನ್ನಿನಲ್ಲಿ ನಿಂತು ಸಚಿನನ ಕಾಲರ್ ಹಿಡಿದಿದ್ದರು.

"ನೋಡ್ರಿ! ಕಳ್ಳ ತಾನ ಮನೀಗೆ ಬಂದಾನ!"

"ಪೇಪರ್ ವಾಪಸ್ ಕೊಡಾಕ ಬಂದೇನ್ರಿ ಸರ್..." ಸಚಿನ ಅಳುವುದೊಂದು ಬಾಕಿ.

"ಮತ್ತ ನನ್ನ ನೋಡಿ ಯಾಕ ಓಡಿದಿ?" ಎಂದೆ.

"ನೀವು ಬೆನ್ನ ಹತ್ತಿದ್ರೆಲ್ಲರಿ ಮೇಡಮ್!"

ಡೈರೆಕ್ಟರರ ಹೆಂಡತಿ ಸಾವಿತ್ರೆವ್ವ ರೊಟ್ಟಿಯ ತಾಟು ಹಿಡಿದು ಬಂದರು.

"ಕಳ್ಳ ಇದ್ರೂ ಉಣ್ಣಲಿ ಬಿಡ್ರಿ. ಮಾರಿ ಬಾಡೇತಿ."

ಕಾಲರ್ ಸಡಿಲಾಯಿತು. ನಾನು ಡೈರೆಕ್ಟರರತ್ತ ತಿರುಗಿದೆ.

"ಸರ್, ಮುಂಜಾನೆ ಈ ಪೇಪರಿಗೆ ಪ್ರಿಂಟ್ ಕೊಟ್ಟಿದ್ರೇನು?"

"ಕೊಟ್ಟಿದ್ದೆ. ಬರಲಿಲ್ಲ."

"ಕರೆಂಟ್ ಇತ್ತೇನ್ರಿ?"

"ಇರಲಿಲ್ಲ. ನನಗ ಯುಪಿಎಸ್ ಐತೆಲ್ಲ!"

"ಪ್ರಿಂಟರಿಗೆ ಇಲ್ರಿ. ಅದು ಲ್ಯಾಬಿನಾಗ ಐತಿ. ಬರದಿದ್ದಾಗ ಏನ್ ಮಾಡಿದ್ರಿ?"

"ಮತ್ತ ಒತ್ತಿದೆ."

"ಆಮ್ಯಾಲ?"

"ಮತ್ತ ಒತ್ತಿದೆ! ಬೋರಿನ ಮೋಟರ್ ಒಂದ ಸಲಕ್ಕ ಹತ್ತತದೇನು? ಹತ್ತೂತನಾ ಸ್ಟಾರ್ಟರ್ ಒತ್ತಬೇಕು. ಒತ್ತಿ ಒತ್ತಿ ಸಾಕಾತು. ಹಂಗ ಬಿಟ್ಟು ಊಟಕ್ಕ ಬಂದೆ."

ಒತ್ತಿದ್ದೆಲ್ಲ ಅವರ ಕಂಪ್ಯೂಟರಿನಲ್ಲಿ ಸಾಲಾಗಿ ಕಾದು ನಿಂತಿತ್ತು. ಕರೆಂಟ್ ಬಂತು. ಪ್ರಿಂಟರ್ ಒಂದನ್ನೂ ಬಿಡದೆ ಪ್ರತಿ ಅಪ್ಪಣೆಯನ್ನೂ ಪಾಲಿಸಿತು.

ಅದನ್ನು ಬಿಡಿಸಿ ಹೇಳಿದೆ. ಸಾವಿತ್ರೆವ್ವ ಬಾಯಿಗೆ ಸೆರಗು ಇಟ್ಟುಕೊಂಡರು. ನಿಜಗುಣಪ್ಪನವರು ನೆಲ ನೋಡಿದರು. ಪಾಪ ಅನ್ನಿಸಿತು. ಆದರೆ ಅಲ್ಲಿ ಲಗಮಪ್ಪ ಸ್ವಿಚ್ಚಿನ ಪಕ್ಕ ಇನ್ನೂ ಕೂತಿದ್ದ.

"ಲಗಮಪ್ಪಗ ಫೋನ್ ಹಚ್ರಿ ಸರ್. ಲ್ಯಾಬ್ ಚಾಲೂ ಇರಲಿ."

ಹಚ್ಚಿದರು. ಹೇಳಿದರು. ಇಟ್ಟರು.

"ಮತ್ತ... ಪಾಸ್‌ವರ್ಡ್ ಕಸಗೋಳೂದು?" ದನಿ ಸಣ್ಣಗಾಗಿತ್ತು.

"ಯಾರಿಂದ ಆತೋ ಅವರೊಬ್ಬರದ ಕಸಗೋತೇನ್ರಿ. ಆರ್ಡರ್ ಅಂದ್ರ ಆರ್ಡರ್‌ರಿ!"

ಟೆಸ್ಟ್ ಹೊಸ ಪೇಪರಿನಲ್ಲಿ ನಡೆಯಿತು. ಹುಡುಗರ ಮಷೀನು ಹುಡುಗರ ಕೈಯಲ್ಲೇ ಉಳಿಯಿತು. ಅಂದಿನಿಂದ ಇಡೀ ಸೆಂಟರಿನಲ್ಲಿ ನನ್ನ ಅಪ್ಪಣೆ ಕೇಳಿ ಕಂಪ್ಯೂಟರ್ ಮುಟ್ಟುವವರು ಒಬ್ಬರೇ ಒಬ್ಬರು...

ಡೈರೆಕ್ಟರ್!